ಕಣ್ಣಿಗೆ ಬೀಳದ ಕಳ್ಳ, ಕಿವಿಗೆ ಬಿದ್ದ ಚಪ್ಪಲಿ

ಮಾನ್ಯ ಸರ್ಕಾರಿ ಅಭಿಯೋಜಕರೇ,

ಕೂಡ್ಲಿಗಿಯ ಬೆನಕಪ್ಪನವರ ಮನೆಯಿಂದ ಒಂದು ಡಬ್ಬಿ ಶೇಂಗಾ ಉಂಡೆ ಕದ್ದ ಅಪರಾಧಿ ನಾನು, ಹಂಪೇಶ್. ಹಾಗೆಂದು ಕೆಳ ನ್ಯಾಯಾಲಯ ತೀರ್ಪು ನೀಡಿದೆ. ಶಿಕ್ಷೆ, ಆ ದಿನದ ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲಿ ಕೂರುವುದು. ಕೂತೆ. ಫ್ಯಾನಿತ್ತು, ದೂರಿಲ್ಲ. ಆದರೆ ಕಳ್ಳನೆಂಬ ಹೆಸರು ಉಳಿದರೆ ಹೈಸ್ಕೂಲಿನಲ್ಲಿ ನಾನು ಮಾಡುತ್ತಿರುವ ಜವಾನನ ಕೆಲಸ ಹೋಗುತ್ತದೆ. ಅದಕ್ಕೇ ಮೇಲ್ಮನವಿ ಸಲ್ಲಿಸಿದ್ದೇನೆ. ಅದನ್ನು ವಿರೋಧಿಸುವ ಮುನ್ನ ನಿಮ್ಮ ಇಲಾಖೆ ನೆಚ್ಚಿಕೊಂಡ ಸಾಕ್ಷ್ಯವನ್ನು ಒಮ್ಮೆ ಓದಿ.

ನಿಮ್ಮ ಏಕೈಕ ಸಾಕ್ಷಿ, ಬೆನಕಪ್ಪನವರ ಪಕ್ಕದ ಮನೆಯ ತಿಪ್ಪೇರುದ್ರಮ್ಮ. ಕಳವಾದ ದಿನ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿಕೊಂಡು ಮಲಗಿದ್ದವರು. "ಮಕ ನೋಡಿಲ್ರಿ, ಚಪ್ಲಿ ಕೇಳೀನಿ. ಆ ಕಿರ್ ಕಿರ್ ಹಂಪೇಶಂದ ಐತಿ" ಎಂದರು. ನಡೆದರೆ ಕಿರ್‌ಗುಟ್ಟುವಂತೆ ಹೇಳಿ ಮಾಡಿಸಿದ ಚಪ್ಪಲಿ ನಮ್ಮಲ್ಲಿ ಗತ್ತಿನ ಸಂಗತಿ. ಓಣಿಗೆ ಹತ್ತು ಜೊತೆ ಸಿಗುತ್ತವೆ. ನನ್ನ ವಕೀಲರು ಆಕ್ಷೇಪಿಸಿದರು. ತಿರಸ್ಕೃತವಾಯಿತು. ಅದೇ ಮೂರು ಗಂಟೆಗೆ ನಾನು ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದೆ. ಇನ್ನೂರು ಮಕ್ಕಳು ಕೇಳಿದ್ದಾರೆ. ಅದಕ್ಕೆ ನಿಮ್ಮ ಇಲಾಖೆಯ ವಾದವೇನು? ಗಂಟೆ ಕೇಳಿದ್ದಾರೆ, ಬಾರಿಸಿದ ಕೈಯನ್ನು ಯಾರೂ ನೋಡಿಲ್ಲ! ಚಪ್ಪಲಿಯ ಸದ್ದಿಗಿರುವ ಮಾನ ಸರ್ಕಾರಿ ಗಂಟೆಗಿಲ್ಲವೇ?

ಆಮೇಲೆ ಪರೀಕ್ಷೆ. ತಿಪ್ಪೇರುದ್ರಮ್ಮನವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನನಗೆ ನನ್ನ ಚಪ್ಪಲಿ ಮೆಟ್ಟಿಸಿ ನಡೆಸುವುದೆಂದಾಯಿತು. ನಮ್ಮ ಕಡೆ ಗುಡಿಗೆ ಹೋದಂತೆ ಕೋರ್ಟಿನೊಳಕ್ಕೂ ಚಪ್ಪಲಿ ಬಿಟ್ಟೇ ಹೋಗುವುದು. ಬಾಗಿಲಾಚೆಯ ರಾಶಿಯಿಂದ ಪೇದೆ ಒಂದು ಜೊತೆ ಎತ್ತಿ ತಂದರು. ಕಾಲಿಟ್ಟರೆ ಎರಡು ಬೆರಳು ದೊಡ್ಡವು.

"ಇವು ನನ್ನವಲ್ರಿ" ಎಂದೆ.

"ನಿನ್ನವೋ ನಮ್ಮಪ್ಪನವೋ, ನಡಿಯಲೇ" ಎಂದರು.

ನಡೆದೆ. "ಇದ ಸಪ್ಪಳ್ರಿ! ಇದ ಕಳ್ಳನ ಕಾಲು!" ಎಂದು ತಿಪ್ಪೇರುದ್ರಮ್ಮ ಕೂಗಿದರು. ವಕೀಲರ ಎರಡನೇ ಆಕ್ಷೇಪಣೆಯೂ ತಿರಸ್ಕೃತ.

ತೀರ್ಪಿನ ದಿನ ಸಂಜೆ ಹೊರಬಂದು ನನ್ನ ಚಪ್ಪಲಿ ಹುಡುಕುತ್ತಿದ್ದೆ. ಬೆನಕಪ್ಪನವರು ತಮ್ಮ ಚಪ್ಪಲಿ ಮೆಟ್ಟಿ ಹೊರಟರು, ಪರೀಕ್ಷೆಯಲ್ಲಿ ನನ್ನ ಕಾಲಿಗೆ ದೊಡ್ಡದಾಗಿದ್ದ ಅದೇ ಜೊತೆ. ಕಿರ್, ಕಿರ್. ತಿಪ್ಪೇರುದ್ರಮ್ಮ ನಿಂತುಬಿಟ್ಟರು.

"ಯವ್ವಾ! ಹಂಪೇಶ ಇಲ್ಲೇ ಬರಿಗಾಲಾಗ ನಿಂತಾನ, ಕಳ್ಳನ ಕಾಲು ಎಲ್ಲಿಗೆ ಹೊಂಟಾವ?"

ದೂರು ಕೊಟ್ಟಿದ್ದ ನಾಗಲಿಂಗಮ್ಮ ತಮ್ಮ ಗಂಡ ಬೆನಕಪ್ಪನವರತ್ತ ತಿರುಗಿದರು. ಸಕ್ಕರೆ ಕಾಯಿಲೆಯ ಯಜಮಾನರಿಗೆ ಕಾಣದಿರಲೆಂದು ಡಬ್ಬಿಯನ್ನು ಜೋಳದ ಚೀಲದ ಹಿಂದೆ ಇಟ್ಟಿದ್ದಾಗಿ ಅವರ ದೂರಿನಲ್ಲೇ ಇದೆ.

"ಏನ್ರೀ, ಉಂಡಿಗೆ ಬೆಲ್ಲ ಸರಿ ಆಗಿತ್ತನು?"

"ಸ್ವಲ್ಪ ಕಡಿಮಿ ಆಗಿತ್ತು" ಎಂದುಬಿಟ್ಟರು ಬೆನಕಪ್ಪ. ಮರುಕ್ಷಣವೇ ನನ್ನ ಕೈ ಹಿಡಿದು, "ಹಂಪೇಶಪಾ, ಸುಮ್ನಿರು. ಡಾಕ್ಟರಿಗೆ ಗೊತ್ತಾದ್ರ ಬೈತಾರ" ಎಂದರು. ಇದನ್ನು ಬರೆದುಕೊಡಲು ಗಂಡನೂ ಒಲ್ಲ, ಹೆಂಡತಿಯೂ ಒಲ್ಲಳು. ಅವರಿಗೆ ಬೈಗುಳದ ಭಯ. ನನಗೆ ಅನ್ನದ ಭಯ.

ಆದ್ದರಿಂದ ನನ್ನ ಮೇಲ್ಮನವಿಯನ್ನು ವಿರೋಧಿಸಬೇಡಿ. ವಿರೋಧಿಸಲೇಬೇಕಿದ್ದರೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಈ ಸಲ ಬೆನಕಪ್ಪನವರೂ ನಡೆಯಲಿ, ಅವರವರ ಚಪ್ಪಲಿಯಲ್ಲಿ. ತಾವೂ ಬನ್ನಿ. ಬೂಟು ಕಿರ್‌ಗುಟ್ಟದಂತೆ ಮಾತ್ರ ನೋಡಿಕೊಳ್ಳಿ, ತಿಪ್ಪೇರುದ್ರಮ್ಮನವರ ಕಿವಿ ಇನ್ನೂ ಚುರುಕಾಗಿದೆ.

ಇಂತಿ,
ಸದ್ಯ ರಬ್ಬರ್ ಚಪ್ಪಲಿಯಲ್ಲಿ ಸದ್ದಿಲ್ಲದೆ ಓಡಾಡುತ್ತಿರುವ ಅಪರಾಧಿ
ಹಂಪೇಶ್, ಕೂಡ್ಲಿಗಿ