ಗುರುವಾರದ ಎಂಟು ಬಟ್ಟೆಗಳು

ಹತ್ತೊಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಚಿಟ್ಟಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಪುರುಸೊತ್ತಾಗಲಿಲ್ಲ ಅಂತ ನೆಪ ಹೇಳುವುದಿಲ್ಲ. ಹೊಲಿಗೆ ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ರಾಶಿ ಬಿದ್ದಿರುವುದು ನಿಜ, ಆದರೆ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದ್ದೂ ನಿಜ. ನಮ್ಮ ಕಾಜಾ ಹೊಲಿಯುವವಳು, "ಏನಕ್ಕಾ, ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ? ಇಷ್ಟೊಂದು ಹರೀತಿದ್ದೀರಾ!" ಅಂತ ಹಲ್ಲು ಕಿರಿದಳು. ಬೈದು ಕೆಲಸಕ್ಕೆ ಕೂರಿಸಿದೆ. ತಡವಾದದ್ದಕ್ಕೆ ಅಮ್ಮನ ಮೇಲೆ ಸಿಟ್ಟಾಗಬೇಡ.

ಫೋನಿನಲ್ಲಾದರೆ ಇಬ್ಬರಿಗೂ ಅಳು ಬರುತ್ತದೆ, ಅದಕ್ಕೇ ಕಾಗದ ಅಂತ ಬರೆದಿದ್ದೀಯ. ಒಳ್ಳೆಯದೇ ಮಾಡಿದೆ. ನೀನು ಕೇಳಿರುವುದು ಎರಡು ವಿಷಯ. ಅಂಗಡಿ ಡೈಪರ್ ಕಟ್ಟಿ ಕಟ್ಟಿ ಪಾಪುವಿನ ತೊಡೆಸಂದಿಯೆಲ್ಲ ಕೆಂಪಾಗಿದೆ, ನೀನು ಹೊಲಿದುಕೊಟ್ಟ ಬಟ್ಟೆಯವನ್ನೇ ಮತ್ತೆ ಕಟ್ಟಬೇಕೆಂದಿದ್ದೇನೆ, ಹೇಗೆ ಒಗೆಯಲಿ ಅನ್ನುವುದು ಒಂದು. ಪಾಪು ಹುಟ್ಟಿದ ಮೇಲೆ ನಿನ್ನ ಮನೆಯಲ್ಲಿದ್ದ ಆ ನಾಲ್ಕು ದಿನಗಳಲ್ಲಿ ನಾನು ಏನನ್ನು ಗಮನಿಸದೆ ಹೋದೆ, ನೆನಪಿದ್ದರೆ ಬರಿ, ಡಾಕ್ಟರಿಗೆ ಹೇಳಬೇಕು ಅನ್ನುವುದು ಇನ್ನೊಂದು. ಮೊದಲನೆಯದು ನನಗೆ ಬಾಯಿಪಾಠ, ಅದನ್ನೇ ಮೊದಲು ಬರೆಯುತ್ತೇನೆ.

ಒಟ್ಟು ಇಪ್ಪತ್ತನಾಲ್ಕು ಇವೆ. ನೀಲಿ ಅಂಚಿನವು ಒಗೆದು ಒಗೆದು ಮೆತ್ತಗಾಗಿವೆ, ಹಾಗೇ ಕಟ್ಟಬಹುದು. ಬಿಳಿ ಅಂಚಿನವು ಹೊಸವು. ಹೊಸ ಹತ್ತಿಬಟ್ಟೆ ಹಟಮಾರಿ, ಸುಲಭಕ್ಕೆ ನೀರು ಹೀರುವುದಿಲ್ಲ. ಅವನ್ನು ಐದಾರು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿದ ಮೇಲೆಯೇ ಕಟ್ಟು. ಒದ್ದೆಯಾದದ್ದನ್ನು ಬಕೆಟ್ಟಿಗೆ ಎಸೆದು ಮರೆಯಬೇಡ, ಆಗಲೇ ತಣ್ಣೀರಿನಲ್ಲಿ ಜಾಲಿಸಿಬಿಡು. ಸೋಪಿನ ಪುಡಿ ಒಂದು ಚಮಚ ಸಾಕು. ಬಟ್ಟೆ ಘಮಘಮ ಅನ್ನಲಿ ಅಂತ ಕಂಫರ್ಟು ಗಿಂಫರ್ಟು ಸುರಿಯಬೇಡ. ಅದು ನೂಲಿಗೆ ಜಿಡ್ಡು ಹಿಡಿಸುತ್ತದೆ, ಆಮೇಲೆ ಉಚ್ಚೆ ಬಟ್ಟೆಗೆ ಇಳಿಯುವ ಬದಲು ನಿನ್ನ ಮಡಿಲಿಗೆ ಇಳಿಯುತ್ತದೆ. ಒಳಗಿನ ಬಟ್ಟೆ ಬಿಸಿಲಿಗೆ ಹಾಕು, ಎಲಾಸ್ಟಿಕ್ ಇರುವ ಹೊರಕವಚ ನೆರಳಿಗೆ. ಕೆಂಪಾಗಿರುವುದು ಮಾಯುವವರೆಗೆ ದಿನಕ್ಕೆ ಒಂದೆರಡು ಗಂಟೆ ಏನನ್ನೂ ಕಟ್ಟದೆ ಹಾಗೇ ಮಲಗಿಸು. ಹಾಸಿಗೆ ಒದ್ದೆಯಾದರೆ ಆಗಲಿ.

ಕಟ್ಟಿದ ಮೇಲೆ ಹೊಟ್ಟೆಯ ಹತ್ತಿರ ಎರಡು ಬೆರಳು ಆಡುವಷ್ಟು ಸಡಿಲವಿರಬೇಕು. ಇದನ್ನು ಅಳಿಯಂದಿರಿಗೆ ಒತ್ತಿ ಹೇಳು. ಪಾರ್ಸೆಲ್ ಆಫೀಸಿನ ಕೈ ಅದು, ಮೊದಲನೇ ದಿನ ಪಾಪುವನ್ನು ಎಷ್ಟು ಬಿಗಿಯಾಗಿ ಸುತ್ತಿದ್ದರೆಂದರೆ, ವಿಳಾಸ ಬರೆದು ಸ್ಟಾಂಪ್ ಹಚ್ಚುವುದೊಂದು ಬಾಕಿ ಇತ್ತು. ನಾನು ಹಾಗಂದದ್ದಕ್ಕೆ, "ಅತ್ತೇ, ನಮ್ಮ ಪಾರ್ಸೆಲ್ ಸೋರಿದ್ದು ಯಾವತ್ತಾದ್ರೂ ಉಂಟಾ?" ಅಂದಿದ್ದರು. ಆವತ್ತು ನಕ್ಕಿದ್ದೇ ಕೊನೆ, ಆಮೇಲೆ ಈ ಮನೆಯಲ್ಲಿ ಯಾರೂ ಸರಿಯಾಗಿ ನಕ್ಕಿಲ್ಲ.

ಅವರು ಪಾಪ, ಅಂಗಡಿ ಡೈಪರ್ ಎರಡು ದೊಡ್ಡ ಪ್ಯಾಕೆಟ್ ತಂದಿದ್ದರು. "ಮೂವತ್ತು ವರ್ಷ ಬಟ್ಟೆ ಜೊತೆ ಏಗಿದೋಳು ನಾನು. ನನ್ನ ಮೊಮ್ಮಗಳಿಗೆ ಪ್ಲಾಸ್ಟಿಕ್ ಸುತ್ತೋದಕ್ಕೆ ಬಂದ್ರಾ?" ಅಂತ ಬಾಗಿಲಲ್ಲೇ ಅಂದುಬಿಟ್ಟೆ. ಎರಡನ್ನೂ ವಾಪಸ್ ಒಯ್ದರು. ನನ್ನ ನಾಲಿಗೆ ನಿನಗೆ ಗೊತ್ತಿದ್ದದ್ದೇ. ಆರು ಪದರ, ಅಂಚಿಗೆ ಜೋಡಿ ಹೊಲಿಗೆ, ಬಂದವರಿಗೆಲ್ಲ ಒಂದೊಂದನ್ನು ಬಿಡಿಸಿ ತೋರಿಸಿದ್ದೆ. ಪಾಪುವಿಗಿಂತ ಬಟ್ಟೆಯನ್ನೇ ಹೆಚ್ಚು ತೋರಿಸಿದೆನೇನೋ.

ಚಿಟ್ಟಿ, ನಿನ್ನ ಕಾಗದದ ಎರಡನೇ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪಾಪುವಿನ ಎಡಗೈ ಮುಷ್ಟಿ ಇನ್ನೂ ಬಿಚ್ಚಿಲ್ಲ, ಸ್ನಾನ ಮಾಡಿಸುವಾಗ ನಾನೇ ಒಂದೊಂದೇ ಬೆರಳು ಬಿಡಿಸಿ ತೊಳೆಯುತ್ತೇನೆ ಎಂದು ಬರೆದಿದ್ದೀಯ. ಒಂದು ವರ್ಷ ತುಂಬುವವರೆಗೆ ಏನೂ ಹೇಳಲಾಗದು ಎಂದರಂತೆ ಡಾಕ್ಟರು. "ನನ್ನ ಹಾಲು ಸಾಲದೆ ಮಗುವಿನ ಮೈಯಲ್ಲಿ ನೀರು ಬತ್ತಿತು, ಅದಕ್ಕೇ ಫಿಟ್ಸ್ ಬಂತು, ನಾನೇ ಅವಳನ್ನು ಒಣಗಿಸಿಬಿಟ್ಟೆ ಅಮ್ಮಾ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಓದಿದ ದಿನ ನಾನು ಅಂಗಡಿಯ ಬಾಗಿಲು ತೆರೆಯಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಅತ್ತೆ, "ಹೆತ್ತೋಳಿಗೆ ಗೊತ್ತಾಗಲ್ವಾ, ಮಗು ಹೊಟ್ಟೆ ತುಂಬಿದ್ಯೋ ಇಲ್ವೋ ಅಂತ?" ಅಂದಾಗ ನೀನು ಗೋಡೆ ಕಡೆ ಮುಖ ತಿರುಗಿಸಿದೆ. ನಾನು ಪಕ್ಕದಲ್ಲೇ ಇದ್ದೆ. ಎದುರಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೂ ಆವತ್ತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ. ಅಮ್ಮನಿಗೂ ಹಾಗೇ ಅನ್ನಿಸಿದೆ ಅಂತ ನೀನು ತಿಳಿದುಕೊಂಡಿರುತ್ತೀಯ. ನನಗೆ ಹಾಗೆ ಅನ್ನಿಸಿರಲಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಪಾಪು ಮಲಗಿದಾಗ ನೀನೂ ಮಲಗು, ಮನೆಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಪಾಪುವಿನ ಎರಡೂ ಅಂಗೈಗೆ ಅಜ್ಜಿಯ ಮುತ್ತು. ಆ ಕೈ ಅರಳಲಿ, ನೂರು ವರ್ಷ ಬಾಳಲಿ. ನಿನ್ನ ಮಡಿಲು ತಂಪಾಗಿರಲಿ.

ಇತಿ,
ನಿನ್ನ ಅಮ್ಮ

ತಾಜಾ ಕಲಂ: ಮೇಲೆ ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದ್ದೇನೆ. ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಬರೆಯಲಿಲ್ಲವಲ್ಲ. ಹರಿದ ನಾಲ್ಕು ಕಾಗದಗಳಲ್ಲೂ ಬರೆದಿರಲಿಲ್ಲ.

ನೀನು ಏನನ್ನೂ ಗಮನಿಸದೆ ಹೋಗಲಿಲ್ಲ. "ಅಮ್ಮಾ, ಹಾಲು ಸಾಲ್ತಿದ್ಯಾ? ಇವಳು ಯಾಕೋ ಮಂಕಾಗಿದ್ದಾಳೆ" ಅಂತ ಎರಡು ಸಲ ಕೇಳಿದೆ. ಬಟ್ಟೆ ಬದಲಿಸುತ್ತಿದ್ದವಳು ನಾನು, ಒಗೆಯುತ್ತಿದ್ದವಳೂ ನಾನೇ, ನಿನಗೆ ಒಂದನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಬಾಣಂತಿಯನ್ನೂ ಮಗುವನ್ನೂ ನೋಡಲು ಆ ದಾದಿ ಮನೆಗೆ ಬಂದಳಲ್ಲ, ಅಷ್ಟರಲ್ಲಿ ತಂತಿಯ ಮೇಲೆ ಎಂಟು ಬಟ್ಟೆ ಒಣಗುತ್ತಿದ್ದವು. "ನಿನ್ನೆಯಿಂದ ಎಷ್ಟು ಒದ್ದೆ ಮಾಡಿದೆ?" ಅಂತ ಕೇಳಿದಳು. ನೀನು ನನ್ನ ಮುಖ ನೋಡಿದೆ. ನಾನು "ಎಂಟು" ಅಂದೆ.

ಎಂಟು ನಾನು ಹೊತ್ತುಹೊತ್ತಿಗೆ ಬದಲಿಸಿ ಒಗೆದದ್ದು. ಒದ್ದೆಯಾಗಿದ್ದದ್ದು ಎರಡು. ಆ ಎರಡರಲ್ಲಿ ಒಂದರ ಮೇಲೆ ಇಟ್ಟಿಗೆ ಪುಡಿಯಂಥ ಕಲೆ ಇತ್ತು (ಮೈಯಲ್ಲಿ ನೀರು ಬತ್ತಿದರೆ ಹಾಗಾಗುತ್ತದಂತೆ), ಅದನ್ನು ದಾದಿ ಬರುವ ಮೊದಲೇ ಉಜ್ಜಿ ತೆಗೆದಿದ್ದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದರೆ ಒಣಗಿದ್ದೋ ಒದ್ದೆಯೋ ನನಗೆ ತಿಳಿಯದೇ? ತಿಳಿದಿತ್ತು. ನನ್ನ ಆರು ಪದರ ಎಲ್ಲವನ್ನೂ ಹೀರಿಕೊಂಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ಅಂದರೆ ನೀನು ಹೆದರುತ್ತೀಯ ಅಂತಲೂ ಹೇಳಿಕೊಂಡೆ. ಆದರೆ ನಿಜ ಅದಲ್ಲ ಕಂದಾ. ಎರಡು ಅಂದಿದ್ದರೆ, ಒದ್ದೆಯಾದದ್ದು ಇದರಲ್ಲಿ ಸರಿಯಾಗಿ ತಿಳಿಯುವುದಿಲ್ಲವೆಂದು ಅವಳು ಬಟ್ಟೆಯನ್ನು ಅನುಮಾನಿಸುತ್ತಿದ್ದಳು, ಅಳಿಯಂದಿರ ಪ್ಯಾಕೆಟ್ ಮತ್ತೆ ಒಳಗೆ ಬರುತ್ತಿತ್ತು. ಅಷ್ಟಕ್ಕೇ ಅಂದೆ.

"ಎಂಟಾದ್ರೆ ಹಾಲು ಸಾಕಾಗ್ತಿದೆ, ಧೈರ್ಯವಾಗಿರಮ್ಮ" ಅಂತ ನಿನ್ನ ಬೆನ್ನು ಸವರಿ ಅವಳು ಹೊರಟುಹೋದಳು. ತೂಕದ ಯಂತ್ರ ಚೀಲದಿಂದ ಹೊರಗೆ ಬರಲೇ ಇಲ್ಲ. ಪಾಪುವಿಗೆ ಫಿಟ್ಸ್ ಬಂದದ್ದು ಶನಿವಾರ. ನಡುವೆ ಎರಡು ದಿನ ಇತ್ತು.

ಡಾಕ್ಟರಿಗೆ ಹೇಳು, ಆವತ್ತು ಒದ್ದೆಯಾದದ್ದು ಎರಡೇ ಎಂದು. ನಿನ್ನ ಅತ್ತೆಗೂ ಹೇಳು. ಎಂಟು ಅಂದವರು ಯಾರು ಎಂದು ಅವರು ಕೇಳಿದರೆ ಈ ಕಾಗದವನ್ನು ಕೈಗೆ ಕೊಡು, ನನ್ನನ್ನು ಉಳಿಸಲು ಹೋಗಬೇಡ.