ಧನ್ಯವಾದ ಎಂದರೆ ಬೇಡ

ವಾರ್ಸಾ, 9 ನವೆಂಬರ್ 1886

ಅಕ್ಕಾ,

ನಾನು ಬಡಕಲಾದದ್ದು ಯಾಕೆಂದು ಇವತ್ತು ತಿಳಿಯಿತು. ಮನೆಯೊಡತಿ ಯೂಫೇಮಿಯಾ "ಇನ್ನಷ್ಟು ಸೂಪು?" ಎಂದಾಗಲೆಲ್ಲ, ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಕಲಿಸಿದ ಹಾಗೆ "ಧನ್ಯವಾದ" ಎನ್ನುತ್ತಿದ್ದೆ, ಅವರು ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರು. ಇವತ್ತು ಧನ್ಯವಾದ ಎಂದ ಮೇಲೂ ತಟ್ಟೆ ಚಾಚಿಕೊಂಡೇ ಕೂತೆ.

"ಅಯ್ಯೋ ಪೆದ್ದಪ್ಪ, ಬೇಕಾ ಅಂದಾಗ ಧನ್ಯವಾದ ಅಂದ್ರೆ ಇಲ್ಲಿ ಬೇಡ ಅಂತ ಕಣೋ!" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹೋದ ತಿಂಗಳು ಚೆಲ್ಲೊ ನುಡಿಸುವ ಹಿಪೊಲಿತ್, ನಮ್ಮ ಸಂಗೀತ ಶಾಲೆಯ ಮೇಷ್ಟ್ರು ನಾಲ್ಕು ವಾದ್ಯಗಳಿಗೆ ಹೊಸದಾಗಿ ಬರೆದ ಕೃತಿಗೆ ವಿಯೋಲಾ ನುಡಿಸುತ್ತೀಯಾ ಎಂದು ಕೇಳಿದಾಗಲೂ ಸಂತೋಷದಿಂದ ಅದನ್ನೇ ಅಂದಿದ್ದೆ. ಆಮೇಲೆ ಯಾರೂ ಕರೆಯಲಿಲ್ಲ. ನನ್ನ ಕೈ ಸಾಲದೆಂದುಕೊಂಡೇ ನಿನಗೆ, ಓದು ಬಿಟ್ಟು ಬರುತ್ತೇನೆ ಎಂದು ಬರೆದದ್ದು. ಅಪ್ಪನ ಪೋಲಿಷ್ ಭಾಷೆ ಬರುತ್ತದೆಂದಿದ್ದೆ. ಬರುತ್ತಿದ್ದದ್ದು ಪದಗಳು ಮಾತ್ರ.

ಓಡಿಹೋಗಿ ಹಿಪೊಲಿತನಿಗೆ ಹೇಳಿದೆ.

"ಥೂ ನಿನ್ನ, ಇಂಗ್ಲಿಷ್ ದೊರೆ! ಜಂಬ ಅಂದ್ಕೊಂಡಿದ್ವಲ್ಲೋ. ಬೇರೆ ಯಾರೂ ಸಿಗದೆ ನಿನ್ನ ಪಾಲನ್ನ ನಾನೇ ಗುನುಗಿ ಗುನುಗಿ ಗಂಟಲು ಹರಿದುಹೋಯ್ತು!"

ಅಮ್ಮನಿಗೆ ಹೇಳು, ಕೆಮ್ಮು ವಾಸಿಯಾಗಿದೆ. ನಾಳೆ ಅಭ್ಯಾಸ. ಕೃತಿಯ ಎರಡನೆಯ ಭಾಗ ಮಝುರ್ಕಾ, ಇಲ್ಲಿಯ ಕುಣಿತದ ಧಾಟಿ. ಅದನ್ನು ವಿಯೋಲಾ ಒಂಟಿಯಾಗಿ ಶುರು ಮಾಡಬೇಕು. ಉಳಿದ ಮೂವರೂ ಕಮಾನು ಎತ್ತಿಹಿಡಿದು ನನಗಾಗಿ ಕಾಯುತ್ತಾರೆ.

ನಿನ್ನ ತಮ್ಮ,
ಝೆನೋನ್