ಸೊಸೆಗೆ, ವಿಚ್ಛೇದನದ ತೀರ್ಪಾದ ಮರುದಿನ

ಹುಡುಗೀ, ನಿನ್ನೆ ಕೋರ್ಟಿನಿಂದ ಬಂದವಳು ಉಣ್ಣದೆ ಮಲಗಿದೆ, ಅದಕ್ಕೇ ಎಬ್ಬಿಸಲಿಲ್ಲ. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೊರಡು.

ಮೂಲೆಯ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ. ಬಾಡಿಗೆಗೆ ನಿನ್ನೊಬ್ಬಳ ಸಂಬಳ ಸಾಲದು. ಈ ವಯಸ್ಸಲ್ಲಿ ಯಾಕೆ ಅಂತ ಜಗಳಕ್ಕೆ ಬರಬೇಡ.

ಅಪ್ಪ ಎಲ್ಲಿ ಅಂತ ಪುಟ್ಟಿ ಕೇಳಿದರೆ ಸುಳ್ಳು ಹೇಳಬೇಡ. ನಿನ್ನ ಕೈಲಾಗದಿದ್ದರೆ ನನಗೆ ಬಿಡು, ನಾನು ಹೇಳುತ್ತೇನೆ.

ಬೆಳಿಗ್ಗೆ ಮಗ ಫೋನ್ ಮಾಡಿದ್ದ. "ಅಮ್ಮಾ, ಇನ್ನು ಅಲ್ಲಿ ನಿನಗೇನಿದೆ? ನನ್ನ ಜೊತೆ ಬಾ" ಅಂದ. "ನನ್ನ ಸೊಸೆ, ಮೊಮ್ಮಗಳು ಇಲ್ಲಿದ್ದಾರಲ್ಲೋ" ಅಂದೆ. ಫೋನಿಟ್ಟ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನೂ ಹಾಗೇ ಮಾಡುತ್ತೀಯ ಅಂತ ಗೊತ್ತು. ಸಂಜೆ ಬೇಗ ಬಾ. ಅಳೋದಿದ್ದರೆ ಇಬ್ಬರೂ ಒಟ್ಟಿಗೆ ಕೂತು ಅಳೋಣ.

ಇಂತಿ, ನಿನ್ನ ಅತ್ತೆ